ಫಿಲ್ಟರ್ ನೀರು

ಮೀನಿನ ಆಹಾರದ ಡಬ್ಬಿಗೆ ಅಂಟಿಸಿದ್ದ ಕೂದಲು ಹಾಗೇ ಇತ್ತು. ಲ್ಯಾಬಮ್ಮ ಕನ್ನಡಕವನ್ನು ಹಣೆಗೇರಿಸಿ, ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದರು. ನರೆತ ಕೂದಲು, ತಮ್ಮದೇ, ಮುಚ್ಚಳದ ಅಂಚಿಗೆ ಅಡ್ಡಲಾಗಿ ಅಂಟಿಸಿದಂತೆಯೇ ಇದೆ. ಅಂದರೆ ಸೊಸೆ ಮೀನುಗಳಿಗೆ ಕದ್ದು ತಿನ್ನಿಸುತ್ತಿಲ್ಲ. ಸಮಾಧಾನವಾಗಬೇಕಿತ್ತು, ಅವರಿಗೆ ನಿರಾಸೆಯಾಯಿತು. ಹಾಗಾದರೆ ಇವಳು ಬೇರೇನೋ ಮಾಡುತ್ತಿದ್ದಾಳೆ ಎಂದುಕೊಂಡರು.

ನಡುಮನೆಯ ಗೋಡೆಗೆ ಆನಿಸಿದ್ದ ಆ ಗಾಜಿನ ತೊಟ್ಟಿ ಮೊದಲು ನೋಡುವ ಹಾಗಿತ್ತು. ಉಪ್ಪುನೀರು, ನೀಲಿ ದೀಪ, ಕಿತ್ತಳೆ ಬಣ್ಣದ ಜೋಡಿ ಮೀನು, ಕಲ್ಲಿಗೆ ಅಂಟಿ ಬೆಳೆಯುವ ಹವಳ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಮೇಲೆ ಅವರು ಇದನ್ನು ಮಗುವಿನ ಹಾಗೆ ಸಾಕಿದ್ದರು. ಉಗುರಿನಷ್ಟಿದ್ದ ನೇರಳೆ ಹವಳದ ಚೂರೊಂದು ಇವರ ಕೈಯಲ್ಲಿ ಅಂಗೈಯಗಲ ಆಗಿತ್ತು. ಈಗ ಅದರ ಸುತ್ತ ಹಸಿರು ಪಾಚಿ ಉದ್ದುದ್ದ ಬೆಳೆದು, ಹವಳ ಒಂದು ಬದಿಯಿಂದ ಬೆಳ್ಳಗಾಗತೊಡಗಿತ್ತು. ಹೀಗೇ ಬಿಟ್ಟರೆ ಅದು ಉಳಿಯುವುದಿಲ್ಲ.

ಮಾಡುವುದನ್ನೆಲ್ಲ ಮಾಡಿಯಾಗಿತ್ತು. ದೀಪ ಉರಿಸುವ ಹೊತ್ತು ಕಡಿಮೆ ಮಾಡಿದರು. ಪಾಚಿ ತಿನ್ನುವ ಬಸವನಹುಳು ತಂದು ಬಿಟ್ಟರು, ಅವು ಗಾಜು ಹತ್ತಿ ಆರಾಮಾಗಿ ಕೂತವು. ಹಲ್ಲುಜ್ಜುವ ಬ್ರಶ್ಶಿನಿಂದ ಕಲ್ಲು ಉಜ್ಜಿದರು. ತೊಟ್ಟಿಯ ನೀರಿಗೆ ಕಲ್ಮಶ ತೋರಿಸುವ ಪರೀಕ್ಷೆಯ ಹನಿ ಹಾಕಿದರೆ ಸಣ್ಣ ಸೀಸೆ ಪ್ರತಿ ಸಲವೂ ಹಿಂದಿನದಕ್ಕಿಂತ ಕೆಂಪಾಗುತ್ತಿತ್ತು. ಪಾಚಿಗೆ ಮೇವು ಎಲ್ಲಿಂದಲೋ ಬರುತ್ತಿದೆ, ಮೀನಿಗೆ ಹಾಕಿದ ಹೆಚ್ಚಿನ ಆಹಾರದಿಂದಲ್ಲ ಎಂದು ಆ ಕೂದಲು ಹೇಳಿತ್ತು. ಮನೆಯಲ್ಲಿ ಹೊಸದಾಗಿ ಬಂದಿದ್ದು ಒಂದೇ, ಸೊಸೆ.

ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಜಗಳಗಂಟಿಯಾಗಿದ್ದರೆ ಲ್ಯಾಬಮ್ಮನಿಗೆ ಸುಲಭವಾಗುತ್ತಿತ್ತು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವಳ ಹೊಟ್ಟೆಯಲ್ಲಿ ಏನಿದೆ ಎಂದು ಯಾವ ಹನಿ ಹಾಕಿ ನೋಡುವುದು? ಮಣಿಕಟ್ಟಿನ ನೋವು ಶುರುವಾದ ಮೇಲೆ ತೊಟ್ಟಿಗೆ ನೀರು ತುಂಬುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಉಪ್ಪು ಬೇಡ, ನಲ್ಲಿ ನೀರಂತೂ ಬೇಡವೇ ಬೇಡ, ಫಿಲ್ಟರ್ ನೀರು ಮಾತ್ರ ಎಂದು ಪಾಠ ಮಾಡಿದ್ದರು. ಪಾಚಿ ಕಂಡಾಗ ಮೊದಲು ಕೇಳಿದ್ದೂ ಅದನ್ನೇ. ಫಿಲ್ಟರ್ ನೀರೇ ಅತ್ತೆ, ಎಂದಿದ್ದಳು ಸೊಸೆ. ನಂಬದೆ ಇವರು ಅಡುಗೆಮನೆಯ ಫಿಲ್ಟರಿನಿಂದ ಒಂದು ಲೋಟ ಹಿಡಿದು ಹನಿ ಹಾಕಿ ನೋಡಿದ್ದರು. ಬಣ್ಣವೇ ಬರಲಿಲ್ಲ. ನೀರಿನ ಮೇಲಿನ ಅನುಮಾನ ಅಲ್ಲಿಗೆ ಮುಗಿದು, ಪೂರ್ತಿ ಸೊಸೆಯ ಮೇಲೆ ಬಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಕೆಲಸದಲ್ಲಿದ್ದ ಮಗನಿಗೆ ಫೋನು ಮಾಡಿದರು.

"ನಿನ್ ಹೆಂಡ್ತಿಗೆ ನನ್ನ ಕಂಡ್ರೆ ಆಗಲ್ಲ. ಆ ಸಿಟ್ಟನ್ನ ಬಾಯಿಲ್ಲದ ಮೀನುಗಳ ಮೇಲೆ ತೀರಿಸ್ಕೋತಿದಾಳೆ."

ಮಗ ನಕ್ಕುಬಿಟ್ಟ. ಪಾಚಿಗೂ ಅವಳಿಗೂ ಯಾಕಮ್ಮ ಗಂಟು ಹಾಕ್ತೀಯ ಎಂದ. ಫೋನಿಟ್ಟು ತಿರುಗಿದರೆ, ಅಂಗಡಿಗೆ ಹೋಗಿದ್ದಾಳೆ ಎಂದುಕೊಂಡಿದ್ದ ಸೊಸೆ ಇಸ್ತ್ರಿ ಮಾಡಿದ ಬಟ್ಟೆ ಹಿಡಿದು ಕೋಣೆಯಿಂದ ಬರುತ್ತಿದ್ದಳು. ಕೇಳಿಸಿತೋ ಇಲ್ಲವೋ, ಮುಖದಲ್ಲಿ ಏನೂ ಇರಲಿಲ್ಲ. ಅಲ್ಲಿಂದಾಚೆ ಪಾಚಿ ಇನ್ನೂ ಕೊಬ್ಬಿತು. ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಲ್ಯಾಬಮ್ಮ ತೀರ್ಮಾನಿಸಿದರು.

ಸೊಸೆಗೆ ರಜೆಯಿದ್ದ ದಿನ, ಔಷಧಿ ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವರು, ಮನೆಯನ್ನು ಬಳಸಿ ಹಿತ್ತಲ ಬಾಗಿಲಿನಿಂದ ಒಳಬಂದರು. ಚಪ್ಪಲಿ ಕೈಯಲ್ಲಿ, ಹೆಜ್ಜೆ ಬೆಕ್ಕಿನದು. ಈ ವಯಸ್ಸಿನಲ್ಲಿ ತಮ್ಮ ಮನೆಗೆ ತಾವೇ ಕಳ್ಳರಂತೆ ನುಗ್ಗಿದ್ದಕ್ಕೆ ನಾಚಿಕೆಯಾಯಿತು, ಆದರೂ ಅಡುಗೆಮನೆಯ ಕಪಾಟಿನ ಮರೆಗೆ ನಿಂತರು.

ಸೊಸೆ ಬಂದಳು. ಸಿಂಕಿನ ಕೆಳಗೆ ಬಗ್ಗಿ, ನೆಲ ಒರೆಸಲು ಹಿಡಿದಿಡುವ ನೀರಿನ ನೀಲಿ ಬಕೆಟ್ಟಿನಿಂದ ಒಂದು ಜಗ್ಗು ತುಂಬಿಕೊಂಡು ನಡುಮನೆಗೆ ಹೋದಳು. ಮರಳು ಕದಡದಂತೆ ಗಾಜಿನ ಅಂಚಿಗೇ ಹಿಡಿದು ನಿಧಾನ ಸುರಿಯತೊಡಗಿದಳು.

"ಅದ್ಯಾವ ನೀರು?" ಹಿಂದೆಯೇ ಬಂದಿದ್ದ ಲ್ಯಾಬಮ್ಮನ ದನಿಗೆ ಜಗ್ಗು ಗಾಜಿಗೆ ತಾಗಿತು.

"ಫಿಲ್ಟರ್ ನೀರು ಅತ್ತೆ. ನೀವೇ ಹೇಳಿದ್ರಲ್ಲ."

"ಅದು ನೆಲ ಒರೆಸೋ ನೀರು."

"ಫಿಲ್ಟರಿಂದ ಬರೋದು ತಾನೇ?" ಸೊಸೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಮ್ ಮನೇಲಿ ಬಕೆಟ್ಟಿಗೆ ಬೀಳೋದನ್ನೇ ಫಿಲ್ಟರ್ ನೀರು ಅಂತಿದ್ವಿ. ಇನ್ನೊಂದು ಕುಡಿಯೋ ನೀರು. ಕುಡಿಯೋ ನೀರು ಹಾಕು ಅಂತ ನೀವು ಹೇಳ್ಲಿಲ್ಲ."

ಅಡುಗೆಮನೆಯಲ್ಲಿ ಫಿಲ್ಟರಿನ ಪಕ್ಕದಿಂದ ಇಳಿದ ಸಣ್ಣ ಪೈಪು ಬಕೆಟ್ಟಿಗೆ ತೊಟ್ಟಿಕ್ಕುತ್ತಲೇ ಇತ್ತು. ಯಂತ್ರ ಬೇಡವೆಂದು ಹೊರಗೆ ತಳ್ಳಿದ ಕಲ್ಮಶವೆಲ್ಲ ಇಳಿಯುವುದು ಅದರಲ್ಲಿ. ಪಾಚಿಗೆ ಅದಕ್ಕಿಂತ ಒಳ್ಳೆಯ ಮೇವು ಇಲ್ಲವೆಂದು ಲ್ಯಾಬಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಹಿಂದೆಯೇ ಒಂದು ಸಣ್ಣ ಸಂಶಯ ತಲೆಯೆತ್ತಿತು, ಎಲ್ಲ ಗೊತ್ತಿದ್ದೇ ಹೀಗೆನ್ನುತ್ತಿದ್ದಾಳೋ ಏನೋ.

"ಪಾಚಿ ಇಷ್ಟು ಹೆಚ್ಚಾಗಿದ್ದು ಕಾಣಿಸ್ಲಿಲ್ವಾ ನಿಂಗೆ?"

"ಕಾಣಿಸ್ತು." ಸೊಸೆ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀವು ಅವತ್ತು ಅವರಿಗೆ ಫೋನಲ್ಲಿ ಹೇಳಿದ್ದೂ ಕೇಳಿಸ್ತು. ಅದಕ್ಕೇ ಆಮೇಲೆ ನೀರು ಒಂದು ಬೆರಳೂ ಇಳಿಯೋಕೆ ಬಿಡ್ಲಿಲ್ಲ. ಹೊತ್ತು ಹೊತ್ತಿಗೆ ಹಾಕ್ತಾನೇ ಇದ್ದೆ."

ಲ್ಯಾಬಮ್ಮ ಜಗ್ಗನ್ನು ಅವಳ ಕೈಯಿಂದ ಇಸಿದುಕೊಂಡು ಕೆಳಗಿಟ್ಟರು. ತಪ್ಪಾಯಿತು ಎನ್ನಬೇಕಿತ್ತು. ಆದರೆ ಹೊರಬಂದದ್ದು, ನಾನು ಬಿಡಿಸಿ ಹೇಳ್ಬೇಕಿತ್ತು, ಎಂಬ ಅರೆಬರೆ ಮಾತು. ಸೊಸೆ ಪರವಾಗಿಲ್ಲ ಎನ್ನಲಿಲ್ಲ. ಬ್ರಶ್ಶು ತಂದು, ತೋಳು ಮಡಿಸಿ, ನೇರಳೆ ಹವಳದ ಸುತ್ತಲಿನ ಪಾಚಿಯನ್ನು ಎಳೆಎಳೆಯಾಗಿ ಬಿಡಿಸತೊಡಗಿದಳು. ಲ್ಯಾಬಮ್ಮ ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತರು. ಕೆಲಸ ಮುಗಿಯುವಷ್ಟರಲ್ಲಿ ಅವರ ಗಂಟಲು ಆರಿತ್ತು. ಕುರ್ಚಿಗೆ ಕುಸಿದು, ಒಂಚೂರು ನೀರು ಕೊಡಮ್ಮ, ಎಂದರು. ಅಮ್ಮ ಎಂದು ಅವಳನ್ನು ಕರೆದದ್ದು ಅದೇ ಮೊದಲು.

ಸೊಸೆ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹೋದವಳು ಅಲ್ಲೇ ನಿಂತಳು.

"ಯಾವ ನೀರು, ಅತ್ತೆ?"

ಚುಚ್ಚಿದಳೋ, ನಿಜವಾಗಿಯೇ ಕೇಳಿದಳೋ ತಿಳಿಯಲು ಲ್ಯಾಬಮ್ಮ ಕತ್ತು ಚಾಚಿ ನೋಡಿದರು. ಮುಖ ಕಾಣಲಿಲ್ಲ. ಖಾಲಿ ಲೋಟ ಹಿಡಿದ ಕೈಯಷ್ಟೇ ಕಾಣುತ್ತಿತ್ತು.