ಅತ್ತೆ ನೋಡಿದ ಫ್ಲ್ಯಾಟು

ಹನ್ನೊಂದು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಕಂಡವರ ಕೈಗೆ ಸ್ಟೀರಿಂಗ್ ಕೊಟ್ಟು, ಜೀವ ಕೈಯಲ್ಲಿ ಹಿಡಿದು ದುಡಿದ ಸೊಸೆಗೆ ಒಂದು ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಡಬೇಕೆಂಬ ಹುಚ್ಚು ಹಿಡಿಯಿತು. ಎರಡು ದಿನದ ಶಿಬಿರಕ್ಕೂ ಹೋಗಿ ಬಂದಳು. ಆಸ್ತಿ ಕೊಳ್ಳುವ ಗುಟ್ಟನ್ನು ಟೈ ಬಿಗಿದುಕೊಂಡು ಬೋಧಿಸಿದವನು ಸ್ವತಃ ಬಾಡಿಗೆ ಮನೆಯಲ್ಲಿದ್ದಾನೆಂದು ಊಟದ ಹೊತ್ತಿಗೆ ಗೊತ್ತಾಯಿತು.

ಮೊದಲ ಫ್ಲ್ಯಾಟು ನೋಡಲು ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು.

“ನೀವ್ಯಾಕೆ ಅತ್ತೆ? ಮೂರನೇ ಮಹಡಿ, ಲಿಫ್ಟ್ ಇಲ್ಲ.”

“ಮಂಡಿ ನಂದು. ನೀನು ನಡಿ.”

ದಲ್ಲಾಳಿ ಬಾಯಿ ತೆರೆದರೆ ಬೆಣ್ಣೆ. “ಗಾಳಿ ನೋಡಿ ಮೇಡಂ, ಬೆಳಕು ನೋಡಿ!” ಎಂದು ಕಿಟಕಿ ತೆರೆದದ್ದೇ ಸೊಸೆ ಕರಗಿ ನೀರಾದಳು. ತಾನು ವಾಸಕ್ಕೆ ಬರುವ ಮನೆಯಲ್ಲ ಎಂಬುದೇ ಮರೆತು, ಪರದೆಯ ಬಣ್ಣ ಯೋಚಿಸತೊಡಗಿದಳು.

“ಏನಪ್ಪಾ, ನನಗೆ ಅರ್ಜೆಂಟು,” ಎಂದರು ಅತ್ತೆ.

ದಲ್ಲಾಳಿ ಹಲ್ಲು ಕಿರಿದ. “ನೀರು ನಾಳೆ ಬಿಡ್ತಾರೆ ಅಮ್ಮ.”

ಅತ್ತೆ ಸೀದಾ ಹೋಗಿ ಪಕ್ಕದ ಮನೆಯ ಗಂಟೆ ಒತ್ತಿದರು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಹೋದವರು ಮುಕ್ಕಾಲು ಗಂಟೆ ನಾಪತ್ತೆ. ದಲ್ಲಾಳಿಯ ನಗು ನಿಮಿಷ ನಿಮಿಷಕ್ಕೂ ಬಾಡುತ್ತ ಬಂತು.

ಮರಳಿ ಬಂದ ಅತ್ತೆ ಫ್ಲ್ಯಾಟಿನ ಗೋಡೆಗೆ ಒತ್ತಿ ನಿಲ್ಲಿಸಿದ್ದ ಹಳೇ ಬೀರು ತೋರಿಸಿ, “ಆ ಬೀರು ಸ್ವಲ್ಪ ಸರಿಸಪ್ಪ,” ಎಂದರು.

“ಅದು ತುಂಬಾ ಭಾರ ಅಮ್ಮ.”

“ನನ್ನ ಸೊಸೆ ದಿನಾ ಕೆಟ್ಟು ನಿಂತ ಕಾರು ತಳ್ತಾಳೆ.”

ಸೊಸೆ ತಳ್ಳಿದಳು. ಹಿಂದಿನ ಗೋಡೆ ಪಾಚಿ ಕಟ್ಟಿತ್ತು. ಅತ್ತೆ ಹೆಬ್ಬೆರಳಿನಿಂದ ಒತ್ತಿದ್ದಷ್ಟೇ, ಅಂಗೈಯಗಲ ಗಾರೆ ದಲ್ಲಾಳಿಯ ಹೊಳೆಯುವ ಬೂಟಿನ ಮೇಲೆ ದೊಪ್ಪನೆ ಬಿತ್ತು.

“ಒಂದು ಕೋಟ್ ಪೇಂಟ್ ಹೊಡೆದ್ರೆ—”

“ಮೇಲಿನ ಮನೆ ಪೈಪು ನಾಲ್ಕು ವರ್ಷದಿಂದ ಸೋರ್ತಿದೆಯಂತೆ. ಬಾಡಿಗೆಗೆ ಬಂದೋರು ಒಬ್ರೂ ಆರು ತಿಂಗಳು ನಿಂತಿಲ್ಲವಂತೆ. ನೀರು ಬರೋದು ನಾಳೆ ಅಲ್ಲಪ್ಪ, ಆಗ್ಲೇ ಗೋಡೆಗೆ ಬಂದಿದೆ.”

ಮೆಟ್ಟಿಲಿಳಿಯುವಾಗ ಸೊಸೆ ಮೆಲ್ಲಗೆ ಕೇಳಿದಳು: “ನಿಮಗೆ ನಿಜವಾಗ್ಲೂ ಅರ್ಜೆಂಟಿತ್ತಾ?”

“ಆಗ ಇರಲಿಲ್ಲ. ಪಕ್ಕದ ಮನೆ ಆಯಮ್ಮ ಮೂರು ಲೋಟ ಕಾಫಿ ಕುಡಿಸಿದ್ದಾಳೆ. ಈಗ ಇದೆ. ಬೇಗ ನಡಿ.”

ಆಮೇಲೆ ಒಂಬತ್ತು ಮನೆ ನೋಡಿದರು. ಕೊನೆಗೆ ಕೊಂಡದ್ದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ನೆಲಮಹಡಿಯ ಒಂದು ಗೂಡು. ಕಿಟಕಿ ತೆರೆದರೆ ಲಾಂಡ್ರಿಯ ಗೋಡೆ. ಫೋಟೊ ತೆಗೆದು ಗೆಳತಿಯರಿಗೆ ಕಳಿಸಲು ಸೊಸೆಗೆ ಮನಸ್ಸೇ ಬರಲಿಲ್ಲ. ಆದರೆ ನರ್ಸ್ ಒಬ್ಬಳು ನೋಡಿದ ದಿನವೇ ಮುಂಗಡ ಕೊಟ್ಟಳು. ಪಾಳಿ ಮುಗಿಸಿ ನಾಲ್ಕು ಹೆಜ್ಜೆ ಹಾಕಿದರೆ ಹಾಸಿಗೆ ಸಿಗುತ್ತದೆ. ಕಿಟಕಿ ಕಟ್ಟಿಕೊಂಡು ಅವಳಿಗೇನು?

ಎರಡನೇ ಭಾನುವಾರವೇ ಫೋನು ಬಂತು. “ಓನರ್ ಮೇಡಂ, ಬಾಗಿಲ ಚಿಲಕ ಕಿತ್ತು ಕೈಗೆ ಬಂದಿದೆ.”

ಬಡಗಿ ಸಂಜೆ ಬರುತ್ತೇನೆಂದ. ಯಾವ ಸಂಜೆ ಎಂದು ಹೇಳಲಿಲ್ಲ. ಸೊಸೆಯೇ ಸ್ಕ್ರೂಡ್ರೈವರ್ ಹಿಡಿದು ಹೊಸ್ತಿಲಲ್ಲಿ ಮಂಡಿಯೂರಿದಳು. ಎರಡು ಬೆರಳು ತರಚಿ, ಮೂರು ಸ್ಕ್ರೂ ಹಾಳಾಗಿ, ಚಿಲಕ ಕೊಂಚ ಸೊಟ್ಟಗೆ ಕೂತಿತು. ಆದರೆ ಕೂತಿತು. ಮೂರು ಸಲ ಹಾಕಿ ತೆಗೆದು ಪರೀಕ್ಷಿಸಿದಳು. ನಾಲ್ಕನೆಯ ಸಲ ಸುಮ್ಮನೆ, ಆ ಸದ್ದಿಗೋಸ್ಕರ.