ಐದನೆಯ ಭಾಷೆ

ತುಳಜಪ್ಪ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ, ರಾಜರತ್ನನ ಹೆಣವನ್ನು ದಾಟಿ ನಿಂತು, ಕಾಗದವೊಂದನ್ನು ಮೇಲಕ್ಕೆತ್ತಿ ಹಿಡಿದ.

"ನೋಡ್ರಿ! ಹುಡುಗನ ಅಂಗಿ ಕಿಸೇದಾಗ ಸಿಕ್ಕದ. ದವಾಖಾನಿ ಬ್ಯಾಡ, ತೆಲಂಗಾಣ ಬೇಕು ಅಂತ ಬರ್ದಿಟ್ಟು ಜೀವಾ ಬಿಟ್ಟಾನ!"

"ಜೈ ತೆಲಂಗಾಣ!" ಎಂದಿತು ಗುಂಪು. ಗಡಿಯೂರು ಕಂಗ್ಟಿಯ ದಲಿತರ ಓಣಿಗೆ ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ಪ್ರತ್ಯೇಕ ತೆಲಂಗಾಣದ ಮುಷ್ಕರದ ಮುಖಂಡ ತುಳಜಪ್ಪ ಬೆಳಗ್ಗೆಯೇ ಠರಾವು ಮಾಡಿಬಿಟ್ಟಿದ್ದ: ನಾರಾಯಣಖೇಡದ ಚೌಕದ ತನಕ ಮೆರವಣಿಗೆ, ಆಮೇಲೆ ಊರ ಬಾಗಿಲಲ್ಲಿ ಹುತಾತ್ಮನ ಕಲ್ಲು.

"ಏನ್ ಬರ್ದಾನಪಾ?" ಎಂದಳು ತಾಯಿ ಮೈಸಮ್ಮ.

"ಇಂಗ್ಲಿಷದಾಗ ಅದ, ಅವ್ವಾ."

"ಇಂಗ್ಲಿಷಲ್ಲ," ಎಂದಳು ಸತ್ತವನ ತಂಗಿ ಸುಜಾತಾ. ಯಾರಿಗೂ ಕೇಳಿಸಲಿಲ್ಲ.

*

ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಓದುತ್ತೇನೆ ಎಂದು ಅಣ್ಣ ಹೇಳಿದ ದಿನ ಸೋದರಮಾವ ತುಳಸಿರಾಮ ಬಿದ್ದು ಬಿದ್ದು ನಕ್ಕಿದ್ದ. "ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು, ಅಂಗಡ್ಯಾಗ ಉರ್ದು, ಬೀಗರ ಕೂಡ ಮರಾಠಿ. ಸಾಲಲಿಲ್ಲೇನಪಾ?"

"ಈ ನಾಕೂ ಭಾಷಾಕ್ಕ ನಮ್ಮ ಓಣಿ ಗೊತ್ತದ ಮಾಮಾ. ಐದನೇದಕ್ಕ ಇನ್ನಾ ಗೊತ್ತಿಲ್ಲ."

ರಜೆಯಲ್ಲಿ ಮಾತಿಗೆ ಜೊತೆ ಬೇಕೆಂದು ತಂಗಿಗೂ ಕಲಿಸಿದ. ಹೆಸರುಕಾಯಿ ಬಿಡಿಸುತ್ತ ಅವಳು ಲಾಡ್ಜಿನ ಮಾಲಕಿ, ಅವನು ಗಿರಾಕಿ. ಅವನು ಜರ್ಮನ್‌ನಲ್ಲಿ ಕೋಣೆ ಕೇಳಿದ. ಇದೆ ಎಂದಳು. ಮುಂದಿನದು ಬಾರದೆ ಕನ್ನಡದಲ್ಲೇ ಕೇಳಿದಳು: "ಯಾವ ಮಂದಿ ನೀವು?"

"ಏ ಹುಚ್ಚಿ, ಪುಸ್ತಕದಾಗ ಹಂಗ ಕೇಳಂಗಿಲ್ಲ."

"ಮತ್ತೇನ್ ಕೇಳ್ತಾರ?"

"ಎಷ್ಟು ದಿನಾ ಇರ್ತೀರಿ ಅಂತ ಕೇಳ್ತಾರ."

*

ನಿನ್ನೆ ಜ್ವರದಲ್ಲಿ ಕುದಿಯುತ್ತಿದ್ದವನನ್ನು ಸುಜಾತಾ ಮತ್ತು ಮಾವ ಜೀಪಿನಲ್ಲಿ ನಾರಾಯಣಖೇಡದ ದವಾಖಾನೆಗೆ ಒಯ್ಯುತ್ತಿದ್ದರು. ರಸ್ತೆಗೆ ಅಡ್ಡ ಟೈರುಗಳು ಉರಿಯುತ್ತಿದ್ದವು. ತುಳಜಪ್ಪ ಒಳಗೆ ಇಣುಕಿದ. "ಹತ್ತ ಮಿನಿಟ್ ತಡೀರಿ. ಟೀವಿಯವ್ರು ಬರಾಕ ಹತ್ಯಾರ."

ಹತ್ತು ಮಿನಿಟು ಮೂರು ತಾಸಾಯಿತು. ಕಾಲೇಜಿನಲ್ಲಿ ಅದೇ ತೆಲಂಗಾಣದ ಘೋಷಣೆ ಕೂಗಿ ಗಂಟಲು ಹರಿದುಕೊಂಡಿದ್ದ ರಾಜರತ್ನ ತಂಗಿಯ ಕೈ ಹಿಡಿದು, "ಜಗಳಾ ಮಾಡಬ್ಯಾಡ. ನಮ್ಮವ್ರೇ ಅದಾರ," ಎಂದ. ಮತ್ತೆ ಮಾತಾಡಲಿಲ್ಲ.

ದಾರಿಯಲ್ಲಿ ತಡೆದದ್ದನ್ನು ತಾಯಿಗೆ ಹೇಳುವುದು ಬೇಡ ಎಂದಿದ್ದ ಮಾವ. ಸುಜಾತಾಳೂ ಹೂಂ ಎಂದಿದ್ದಳು.

*

ಸುಜಾತಾ ಟ್ರಾಲಿ ಹತ್ತಿ ಕಾಗದ ಕಸಿದುಕೊಂಡಳು. "ನಾ ಓದ್ತೀನಿ."

ಮೊಬೈಲುಗಳು ಮೇಲೆದ್ದವು.

"'ಅವ್ವಾ, ನಾ ಆರಾಮ ಇದ್ದೀನಿ. ಇಲ್ಲಿ ಭಾಳ ಥಂಡಿ. ನನ್ನ ಕೋಣಿಗೆ ಎರಡು ಕಿಟಕಿ ಅದಾವ. ಪ್ಯಾಟಿಗೆ ಹೋಗಿ ಕೋಟು ತರ್ತೀನಿ.' ಇಷ್ಟೇ. ಪರದೇಶಕ್ಕ ಹೋದವ್ರು ಮನೀಗೆ ಹ್ಯಾಂಗ ಬರೀಬೇಕಂತ ಮಾಸ್ತರು ಕೊಟ್ಟ ಅಭ್ಯಾಸ. ಕೆಂಪು ಶಾಯಿ ನೋಡ್ರಿ, ಹತ್ತಕ್ಕ ಎಂಟು."

ಯಾರೋ ಕಿಸಕ್ಕೆಂದರು. ತುಳಜಪ್ಪ ದನಿ ತಗ್ಗಿಸಿದ. "ಏನರೆ ಇರಲಿ ತಂಗೀ. ನಿಮ್ಮಣ್ಣನ ಹೆಸರು ಕಲ್ಲಿನ ಮ್ಯಾಲ ಉಳೀತದ. ಬಾಯಿ ಮುಚ್ಚು."

ಮೈಸಮ್ಮ ಮಗಳನ್ನೇ ನೋಡುತ್ತಿದ್ದಳು. ಆ ಕಲ್ಲು ಆಕೆಗೆ ಬೇಕಾಗಿತ್ತು. ಬೆಳಗಿನಿಂದ ಅದೊಂದನ್ನೇ ಹಿಡಿದು ಉಸಿರಾಡುತ್ತಿದ್ದಳು. ಸುಜಾತಾಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು:

"ಅವ್ವಾ, ಅಣ್ಣ ದವಾಖಾನಿ ಬ್ಯಾಡ ಅಂದಿಲ್ಲ. ಇವ್ರು ಬಿಡಲಿಲ್ಲ. ಇವ್ರ ಟೈರಿನ ಮುಂದ ಮೂರು ತಾಸು ಬಿದ್ದು ಸತ್ತಾನ. ಮಾಮಾನ ಕೇಳು."

ಮಾವ ತಲೆ ತಗ್ಗಿಸಿದ. ಮೈಸಮ್ಮ ಟ್ರಾಲಿಯ ಹಲಗೆ ಹಿಡಿದಳು.

"ಇಳಸ್ರಿ ನನ್ನ ಮಗನ್ನ."

"ವಿಚಾರ ಮಾಡವ್ವಾ," ಎಂದ ತುಳಜಪ್ಪ. "ಮೆರವಣಿಗಿ ಬ್ಯಾಡಂದ್ರ ಇಲ್ಲಿ ಒಂದು ನರಪಿಳ್ಳಿನೂ ನಿಲ್ಲಂಗಿಲ್ಲ."

"ಇಳಸ್ರಿ."

ಹೆಣ ಇಳಿಸಿ ಹೊರಟ ಟ್ರ್ಯಾಕ್ಟರಿನ ಹಿಂದೆ ಗುಂಪೂ ಹೋಯಿತು. ತುಳಜಪ್ಪನ ಕಣ್ಣಿಗಂಜಿ ಓಣಿಯವರೂ ಬಾಗಿಲು ಹಾಕಿಕೊಂಡರು. ಹೆಗಲು ಕೊಡಲು ಉಳಿದ ಗಂಡಸರು ಇಬ್ಬರೇ, ತುಳಸಿರಾಮ ಮತ್ತು ನೆರೆಮನೆಯ ಮುದುಕ ಪಾಂಡಪ್ಪ. ಹೆಂಗಸರು ಚಟ್ಟ ಮುಟ್ಟುವ ಪದ್ಧತಿ ಇರಲಿಲ್ಲ. ಹಿಂದಿನ ಬಿದಿರಿಗೆ ಒಂದು ಕಡೆ ಸುಜಾತಾ, ಇನ್ನೊಂದು ಕಡೆ ಮೈಸಮ್ಮ ಹೆಗಲು ಕೊಟ್ಟರು. ತಾಯಿ ಗಿಡ್ಡ. ಚಟ್ಟ ಆಕೆಯ ಕಡೆಗೇ ವಾಲಿತು. ಹೆಣದ ಮೇಲಿನ ಚೆಂಡುಹೂಗಳು ಜಾರಿ, ಹೆಜ್ಜೆಗೊಂದರಂತೆ, ಆಕೆಯ ನೆತ್ತಿಯ ಮೇಲೆ ಬೀಳತೊಡಗಿದವು.