ಮೊಳೆಗೆ ತೂಗುಹಾಕಿದ ಅರ್ಧ ವಲ್ಲಿ

ಹೊಳೆನರಸೀಪುರದ ಪೈಪ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಮಂಚಯ್ಯ ತನ್ನ ಮಗಳ ಮುಖವನ್ನೇ ಇನ್ನೂ ನೋಡಿರಲಿಲ್ಲ. ಹೆಂಡತಿ ಮಲ್ಲಿಗಮ್ಮ ದುದ್ದದ ತವರಿನಲ್ಲಿ ಹೆತ್ತು ಮೂರು ತಿಂಗಳಾಗಿತ್ತು. ಹೊಸ ನಲ್ಲಿಯ ಪೈಪುಗಳು ಮುಗಿಯುವವರೆಗೂ ರಜೆ ಇಲ್ಲವೆಂದು ಕಂಟ್ರಾಕ್ಟರು ಹೇಳಿಬಿಟ್ಟಿದ್ದರು.

ಮಲ್ಲಿಗಮ್ಮ ತಮ್ಮನ ಕೈಯಲ್ಲಿ ಒಂದು ವಲ್ಲಿ ಕಳಿಸಿದ್ದಳು. ನೀರು ಹಾಕಿದ ಮೇಲೆ ಕೂಸಿಗೆ ಸುತ್ತುತ್ತಿದ್ದ ಹಳೇ ಹೆಗಲುವಸ್ತ್ರ ಅದು. ಹರಳೆಣ್ಣೆ, ಸಾಂಬ್ರಾಣಿ ವಾಸನೆ ಇನ್ನೂ ಹೋಗಿರಲಿಲ್ಲ. ಮಂಚಯ್ಯ ಅದನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ. ಆಗಾಗ ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ನೋಡಿದರೆ ನಗು ಬರುವಂಥದ್ದೇ, ಆದರೆ ಯಾರೂ ನಗುತ್ತಿರಲಿಲ್ಲ. ಅಲ್ಲಿದ್ದವರೆಲ್ಲ ಮನೆ ಬಿಟ್ಟು ಬಂದವರೇ.

ಆ ತಿಂಗಳು ಶೆಡ್ಡಿಗೆ ಕರೆಂಟಿನ ಥ್ರೆಡ್ಡಿಂಗ್ ಮಿಷನ್ ಬಂತು. ಪೈಪನ್ನು ಗರಗರ ತಿರುಗಿಸಿ, ತುದಿಗೆ ತಿರುಪಿನ ಗೆರೆ ಕೊರೆಯುವ ಮಿಷನ್. ಕೈಯಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಐದೇ ನಿಮಿಷಕ್ಕೆ ಮುಗಿಯುತ್ತಿತ್ತು. ಒಂದೊಂದು ಪೈಪು ಮುಗಿದಾಗಲೂ ಮಂಚಯ್ಯನಿಗೆ ದುದ್ದ ಒಂದು ಹೆಜ್ಜೆ ಹತ್ತಿರವಾದಂತೆ ಅನ್ನಿಸುತ್ತಿತ್ತು.

ಮಿಷನ್ ಬಲ್ಲ ಮೇಸ್ತ್ರಿ ಪಾಲಾಕ್ಷ ಮೊದಲ ದಿನವೇ ಹೇಳಿದ. "ಮಂಚಯ್ಯ, ವಲ್ಲಿ ತೆಗ್ದು ಆ ಮೊಳೆಗೆ ಆಕ್ಲಾ."

"ಏ ಓಗಣ್ಣ. ಅತ್ತು ವರ್ಸ ಕೈಯಾಗೆ ಥ್ರೆಡ್ ಆಕಿವ್ನಿ. ಆವಾಗೂ ಎಗಲ ಮ್ಯಾಲೆ ಒಂದು ವಲ್ಲಿ ಇರ್ನಿಲ್ವಾ?"

"ಆವಾಗ ಪೈಪು ನಿಂತಿತ್ತು, ನೀನೇ ಅಚ್ಚು ತಿರುಗಿಸ್ತಿದ್ದೆ. ಈಗ ಪೈಪೇ ತಿರುಗ್ತದೆ ಕಣ್ಲಾ. ಅದ್ಕೆ ನಿನ್ನ ಗುರ್ತು ಇಲ್ಲ."

ಮಂಚಯ್ಯ ಕೇಳಿಸಿಕೊಂಡ, ವಲ್ಲಿ ಮಾತ್ರ ತೆಗೆಯಲಿಲ್ಲ.

ಮಾರನೇ ದಿನ ಮಧ್ಯಾಹ್ನ, ತಿರುಗುವ ಪೈಪಿನ ತುದಿಯಲ್ಲಿ, ಗೆರೆ ಕೊರೆಯಲು ಬಿಟ್ಟ ಎಣ್ಣೆ ಸುರಿಯುತ್ತಿತ್ತು. ಕೈಯಲ್ಲಿ ಥ್ರೆಡ್ ಹಾಕುವಾಗ ನಡುನಡುವೆ ಎಣ್ಣೆ ಒರೆಸುವುದು ಅವನ ಹಳೇ ರೂಢಿ. ಕೈ ತಾನಾಗಿಯೇ ವಲ್ಲಿಯ ತುದಿ ಎತ್ತಿತು. ಅಷ್ಟೇ! ಪೈಪು ವಲ್ಲಿಯನ್ನು ಸುತ್ತಿಕೊಂಡು ಎಳೆಯಿತು. ಮಂಚಯ್ಯ ಮಿಷನ್ ಕಡೆಗೆ ಮುಗ್ಗರಿಸಿದ. ಪಕ್ಕದಲ್ಲೇ ನಿಂತಿದ್ದ ಪಾಲಾಕ್ಷ ಸ್ವಿಚ್ ಆರಿಸಿದ. ವಲ್ಲಿ ಪರ್ರನೆ ಹರಿದು ಅರ್ಧ ಮಾತ್ರ ಹೆಗಲಲ್ಲಿ ಉಳಿಯಿತು.

ಮಂಚಯ್ಯ ನೆಲದ ಮೇಲೆ ಕೂತು ಅತ್ತ. "ನನ್ ಕೂಸಿನ್ ವಲ್ಲಿ ಕಣಣ್ಣ."

"ವಲ್ಲಿ ಓದ್ರೆ ಓಯ್ತು. ಕೂಸು ಎತ್ಕೊಳಕ್ಕೆ ಕೈ ಬ್ಯಾಡ್ವಾ?" ಅಂದ ಪಾಲಾಕ್ಷ. "ಕೇಳು. ಇಲ್ಲಿ ವಲ್ಲಿ ಬ್ಯಾಡ, ಜೋಲು ತೋಳಿನ ಅಂಗಿ ಬ್ಯಾಡ, ಕೈಗೆ ದಾರ ಬ್ಯಾಡ. ಕೈಗವಸೂ ಬ್ಯಾಡ, ಅದ್ನೂ ಇಡ್ಕೊಂಡು ಎಳೀತದೆ. ಎಣ್ಣೆ ಒರೆಸ್ಬೇಕಾ, ಕೊರೆದಾಗ ಬೀಳೋ ಕಬ್ಬಿಣದ ಸುರುಳಿ ತೆಗೀಬೇಕಾ? ಮೊದ್ಲು ಸ್ವಿಚ್ ಆರ್ಸು. ಪೈಪು ಪೂರ್ತಿ ನಿಂತದಾ ನೋಡು. ಆಮ್ಯಾಕೆ ಕೈ ಇಡು. ಸುರುಳಿ ಬ್ರಷ್‌ನಾಗೆ ತೆಗಿ. ಸ್ವಿಚ್ಚು ಯಾವಾಗ್ಲೂ ಕೈಗೆ ಸಿಗಂಗಿರ್ಲಿ."

ಅಂದಿನಿಂದ ಮಂಚಯ್ಯ ಬೆಳಿಗ್ಗೆ ಬಂದವನೇ ಅರ್ಧ ವಲ್ಲಿಯನ್ನು ಮೊಳೆಗೆ ಹಾಕುತ್ತಿದ್ದ. ಕೆಲಸದ ನಡುವೆ ಅದರ ಕಡೆ ನೋಡುತ್ತಿದ್ದ. ಬೇಗ ಊರಿಗೆ ಹೋಗಬೇಕೆನಿಸುತ್ತಿತ್ತು. ಆದರೂ ಅವಸರ ಮಾಡಲಿಲ್ಲ.

ಕೊನೆಗೂ ಪೈಪುಗಳು ಮುಗಿದವು. ದುದ್ದದಲ್ಲಿ ಬಸ್ಸಿಳಿದು ಮನೆ ಹೊಕ್ಕಾಗ ಮಲ್ಲಿಗಮ್ಮ ಮೊದಲು ನೋಡಿದ್ದು ವಲ್ಲಿಯನ್ನೇ.

"ಇನ್ನರ್ಧ ಎಲ್ಲಿ?"

"ಮಿಷನ್ ತಿಂತು. ನನ್ನ ಬುಡ್ತು."

ಅವಳು ಅವನ ಎರಡೂ ಕೈ ಹಿಡಿದು, ತಿರುವಿ ತಿರುವಿ ನೋಡಿದಳು. ಆಮೇಲೆ ಆ ಕೈಗಳಿಗೆ ಮಗಳನ್ನು ಕೊಟ್ಟಳು.

ಮಿಷನ್ ಮೇಲೆ ದುಡಿಯುವ ಅಣ್ಣಂದಿರೇ, ನಿಮ್ಮ ಕೈಗಳಿಗಾಗಿ ಮನೆಯಲ್ಲಿ ಯಾರೋ ಕಾದಿದ್ದಾರೆ. ಸ್ವಿಚ್ ಹಾಕುವ ಮೊದಲು ವಲ್ಲಿ ಮೊಳೆಗೆ ಹಾಕಿ. ಪೈಪು ನಿಂತ ಮೇಲೆಯೇ ಮುಟ್ಟಿ. ಅಕ್ಕಂದಿರೇ, ಬುತ್ತಿ ಕಟ್ಟಿಕೊಡುವಾಗ ಈ ಮಾತನ್ನೂ ಹೇಳಿ ಕಳಿಸಿ.